ಟೈಪ್ 2 ಮಧುಮೇಹದಲ್ಲಿ ಕೊಲೆಸ್ಟ್ರಾಲ್, ಆ್ಯಂಟಿಆಕ್ಸಿಡೆಂಟ್ ಕಿಣ್ವಗಳು ಮತ್ತು ಹೃದಯ: ಪದೇ ಪದೇ ಕೇಳುವ ಪ್ರಶ್ನೆಗಳು

ಟೈಪ್ 2 ಮಧುಮೇಹ ಇರುವವರೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ತಿಳಿವಳಿಕೆಗಾಗಿ ಮಾತ್ರ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು, ಪ್ರಮಾಣ ಬದಲಿಸುವುದು ಇವೆಲ್ಲವೂ ನಿಮ್ಮನ್ನು ಪರೀಕ್ಷಿಸಿರುವ ವೈದ್ಯರೊಂದಿಗೆ ಮಾತನಾಡಿಯೇ ಆಗಬೇಕು.

ಸಕ್ಕರೆ ಕಾಯಿಲೆಗೆ ತೋರಿಸಿಕೊಳ್ಳಲು ಹೋದರೆ ವೈದ್ಯರು ಹೃದಯದ ಮಾತನ್ನೇಕೆ ಎತ್ತುತ್ತಾರೆ?

ಟೈಪ್ 2 ಮಧುಮೇಹ ಇರುವವರ ಸಾವಿಗೆ ಅತಿ ಹೆಚ್ಚು ಕಾರಣವಾಗುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. 1998ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಅಧ್ಯಯನವೊಂದು, ಎಂದೂ ಹೃದಯಾಘಾತವಾಗದ ಮಧುಮೇಹಿಗೆ ಇರುವ ಅಪಾಯವು ಒಮ್ಮೆ ಹೃದಯಾಘಾತವಾಗಿರುವ, ಆದರೆ ಮಧುಮೇಹವಿಲ್ಲದ ವ್ಯಕ್ತಿಯ ಅಪಾಯಕ್ಕೆ ಹೆಚ್ಚುಕಡಿಮೆ ಸಮ ಎಂದು ತೋರಿಸಿತು. ಈ ಸಮೀಕರಣ ಎಲ್ಲ ಮಧುಮೇಹಿಗಳಿಗೂ ಒಂದೇ ರೀತಿ ಹೊಂದುವುದಿಲ್ಲ ಎಂದು ಮುಂದಿನ ಅಧ್ಯಯನಗಳು ತಿದ್ದಿವೆ. ಕಾಯಿಲೆ ಶುರುವಾಗಿ ಎಷ್ಟು ವರ್ಷವಾಯಿತು, ಮೂತ್ರಪಿಂಡ ಹೇಗಿದೆ, ರಕ್ತದೊತ್ತಡ ಎಷ್ಟಿದೆ, ತಂಬಾಕಿನ ಚಟವಿದೆಯೇ ಎಂಬುದರ ಮೇಲೆ ಅಪಾಯ ಏರಿಳಿಯುತ್ತದೆ. ಆದರೂ ಅಪಾಯ ಹೆಚ್ಚೆಂಬ ಮೂಲ ಮಾತು ಬದಲಾಗಿಲ್ಲ.

ನಮ್ಮ ದೇಶಕ್ಕೆ ಇದು ಇನ್ನಷ್ಟು ಹತ್ತಿರದ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಅಂದಾಜಿಸಿದಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ನೇ ವಯಸ್ಸಿನಲ್ಲಿ ಆಗುತ್ತಿದ್ದರೆ, ಉಳಿದ ದೇಶಗಳಲ್ಲಿ ಅದು ಸುಮಾರು 59ನೇ ವಯಸ್ಸಿನಲ್ಲಿ ಆಗುತ್ತಿತ್ತು. ಮನೆಯ ಸಂಪಾದನೆ ಒಬ್ಬರ ಮೇಲೆಯೇ ನಿಂತಿರುವ ವಯಸ್ಸಿನಲ್ಲಿ ಈ ಆರು ವರ್ಷ ಎಷ್ಟು ದೊಡ್ಡದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಎಲ್‌ಡಿಎಲ್ ‘ನಾರ್ಮಲ್’ ಎಂದೇ ಬಂದಿದೆ. ಇನ್ನೇನು ಚಿಂತೆ?

ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ, ಹಾಗಾಗಿ ಈ ಉತ್ತರವನ್ನು ಸ್ವಲ್ಪ ವಿವರವಾಗಿ ಕೊಡಬೇಕಾಗಿದೆ. ಎಲ್‌ಡಿಎಲ್ ಎಂದರೆ ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ಸಾಗುವ ಒಂದು ಬಗೆಯ ಕಣ, ಅದರಲ್ಲಿರುವುದನ್ನೇ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುತ್ತಾರೆ. ಲ್ಯಾಬ್ ವರದಿಯ ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್’ ಮಿತಿ ಸಾಮಾನ್ಯ ಜನರನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದು. ಮಧುಮೇಹಿಗೆ ಅದೇ ಮಿತಿ ಅನ್ವಯಿಸುವುದಿಲ್ಲ. ಮಧುಮೇಹದ ಜೊತೆಗೆ ಬೇರೆ ಅಪಾಯಕಾರಿ ಅಂಶಗಳೂ ಇದ್ದರೆ ಎಲ್‌ಡಿಎಲ್ 70 ಮಿಲಿಗ್ರಾಂಗಿಂತ ಕೆಳಗಿರಬೇಕೆಂದೂ, ಈಗಾಗಲೇ ಹೃದ್ರೋಗವಿದ್ದರೆ 55ಕ್ಕಿಂತ ಕೆಳಗಿರಬೇಕೆಂದೂ ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಹೇಳುತ್ತದೆ. ಇಲ್ಲಿ ಹೇಳುವ ಅಂಕಿಗಳೆಲ್ಲವೂ ಒಂದು ಡೆಸಿಲೀಟರ್ ರಕ್ತಕ್ಕೆ ಲೆಕ್ಕ ಹಾಕಿದವು.

ಎರಡನೆಯದಾಗಿ, ಎಲ್‌ಡಿಎಲ್ ಅಂಕಿಯು ಆ ಕಣಗಳು ಹೊತ್ತಿರುವ ಕೊಲೆಸ್ಟ್ರಾಲಿನ ತೂಕವನ್ನು ಹೇಳುತ್ತದೆಯೇ ಹೊರತು ಕಣಗಳ ಸಂಖ್ಯೆಯನ್ನಲ್ಲ. ಟೈಪ್ 2 ಮಧುಮೇಹದಲ್ಲಿ ಈ ಕಣಗಳು ಚಿಕ್ಕವೂ ಸಾಂದ್ರವೂ ಆಗಿರುತ್ತವೆ. ಒಂದೊಂದರಲ್ಲಿ ಇರುವ ಕೊಲೆಸ್ಟ್ರಾಲ್ ಕಡಿಮೆಯಾದ್ದರಿಂದ ಒಟ್ಟು ತೂಕ ಸಾಧಾರಣವೆಂದು ಕಂಡರೂ ಕಣಗಳ ಸಂಖ್ಯೆ ಹೆಚ್ಚಿರಬಹುದು. ರಕ್ತನಾಳದ ಗೋಡೆಯೊಳಗೆ ನುಸುಳಿ ಹಾನಿ ಮಾಡುವುದು ಕಣಗಳೇ.

ಒಂದು ಮಾದರಿ ವರದಿಯನ್ನು ನೋಡೋಣ. ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ (‘ಒಳ್ಳೆಯ ಕೊಲೆಸ್ಟ್ರಾಲ್’) 34, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 260, ಎಲ್‌ಡಿಎಲ್ 104 ಎಂದಿದ್ದರೆ ಬಹಳಷ್ಟು ಜನ ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದೆಯೆಂದು ಸಮಾಧಾನಪಟ್ಟು ಕಾಗದ ಮಡಿಸಿಡುತ್ತಾರೆ. ಆದರೆ 190ರಲ್ಲಿ 34 ಕಳೆದರೆ 156 ಉಳಿಯುತ್ತದೆ. ಇದಕ್ಕೆ ನಾನ್-ಎಚ್‌ಡಿಎಲ್ ಕೊಲೆಸ್ಟ್ರಾಲ್ ಎನ್ನುತ್ತಾರೆ. ರಕ್ತನಾಳಕ್ಕೆ ಹಾನಿ ಮಾಡಬಲ್ಲ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲೂ ಇದರಲ್ಲಿ ಸೇರಿರುತ್ತದೆ. ಎಲ್‌ಡಿಎಲ್ ಗುರಿಗೆ 30 ಸೇರಿಸಿದರೆ ನಾನ್-ಎಚ್‌ಡಿಎಲ್ ಗುರಿ ಸಿಗುತ್ತದೆ, ಅಂದರೆ ಎಲ್‌ಡಿಎಲ್ ಗುರಿ 70 ಆಗಿರುವವರ ನಾನ್-ಎಚ್‌ಡಿಎಲ್ 100ರ ಕೆಳಗಿರಬೇಕು. ಹಾಗೆ ನೋಡಿದರೆ 156 ಸಮಾಧಾನಪಡುವ ಅಂಕಿಯಲ್ಲ. ಈ ಲೆಕ್ಕಕ್ಕೆ ಹೊಸ ಪರೀಕ್ಷೆಯೂ ಬೇಡ, ಹೆಚ್ಚಿನ ಖರ್ಚೂ ಇಲ್ಲ. ಪ್ರತಿಯೊಬ್ಬ ಮಧುಮೇಹಿಯೂ ತನ್ನ ವರದಿಯಲ್ಲಿ ಈ ಒಂದು ಕಳೆಯುವ ಲೆಕ್ಕವನ್ನು ಮಾಡಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಸಕ್ಕರೆಯ ಕಾಯಿಲೆಯಲ್ಲಿ ಕೊಬ್ಬಿನ ಅಂಶ ಏಕೆ ಏರುಪೇರಾಗುತ್ತದೆ?

ಇನ್ಸುಲಿನ್ ಸಕ್ಕರೆಯೊಂದನ್ನೇ ನೋಡಿಕೊಳ್ಳುವ ಹಾರ್ಮೋನ್ ಅಲ್ಲ. ಮೈಯಲ್ಲಿ ಶೇಖರವಾದ ಕೊಬ್ಬು ಅನಗತ್ಯವಾಗಿ ಕರಗದಂತೆ ತಡೆಯುವುದೂ ಅದರ ಕೆಲಸ. ಇನ್ಸುಲಿನ್ನಿನ ಮಾತನ್ನು ದೇಹ ಕೇಳದಾದಾಗ ಕೊಬ್ಬಿನ ಅಂಗಾಂಶದಿಂದ ಕೊಬ್ಬಿನಾಮ್ಲಗಳು ಎಡೆಬಿಡದೆ ಹೊರಬಂದು ಯಕೃತ್ತನ್ನು ಸೇರುತ್ತವೆ, ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಆಗಿ ಕಟ್ಟಿ ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ರಕ್ತಕ್ಕೆ ಕಳುಹಿಸುತ್ತದೆ. ಹೀಗೆ ರಕ್ತದಲ್ಲಿ ತುಂಬಿಕೊಂಡ ಟ್ರೈಗ್ಲಿಸರೈಡ್ ಅಲ್ಲಿಯೇ ನಿಲ್ಲದೆ ಎಚ್‌ಡಿಎಲ್ ಮತ್ತು ಎಲ್‌ಡಿಎಲ್ ಕಣಗಳೊಳಗೂ ಸೇರಿ, ಪ್ರತಿಯಾಗಿ ಅವುಗಳ ಕೊಲೆಸ್ಟ್ರಾಲನ್ನು ಹೊರಗೆ ಹಾಕಿಸುತ್ತದೆ. ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ದೇಹದಿಂದ ಬೇಗ ಹೊರಹೋಗುತ್ತದೆ. ಎಲ್‌ಡಿಎಲ್ ಕುಗ್ಗಿ ಸಾಂದ್ರವಾಗುತ್ತದೆ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ, ಎಲ್‌ಡಿಎಲ್ ಕಣ ಚಿಕ್ಕದು: ಈ ಮೂರೂ ಒಂದೇ ಬೇರಿನಿಂದ ಹುಟ್ಟಿದವು.

ಆ್ಯಂಟಿಆಕ್ಸಿಡೆಂಟ್ ಕಿಣ್ವಗಳು ಎಂದರೇನು?

ನಾವು ಉಸಿರಾಡಿದ ಆಮ್ಲಜನಕವನ್ನು ಜೀವಕೋಶಗಳು ಶಕ್ತಿಯಾಗಿ ಬಳಸುವಾಗ ಅದರಲ್ಲಿ ಒಂದಿಷ್ಟು ಪಾಲು ಸೂಪರ್‌ಆಕ್ಸೈಡ್ ಎಂಬ ಚುರುಕಾದ, ಹಾನಿಕರ ಅಣುವಾಗಿ ಮಾರ್ಪಡುತ್ತದೆ. ಇದನ್ನು ಆಗಿಂದಾಗ್ಗೆ ನಿವಾರಿಸಲು ದೇಹವೇ ತಯಾರಿಸಿಕೊಳ್ಳುವ ಪ್ರೋಟೀನುಗಳೇ ಈ ಕಿಣ್ವಗಳು. ಮೊದಲನೆಯದು ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ ಅದರ ಕೆಲಸವನ್ನು ಗುರುತಿಸಿದರು. ಕೋಶರಸದಲ್ಲಿರುವ ಈ ಕಿಣ್ವಕ್ಕೆ ತಾಮ್ರ ಮತ್ತು ಸತು ಬೇಕು, ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿರುವುದಕ್ಕೆ ಮ್ಯಾಂಗನೀಸ್ ಬೇಕು. ಅದು ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಅದೂ ಅಪಾಯಕಾರಿಯೇ ಆದ್ದರಿಂದ, ಕಬ್ಬಿಣವನ್ನು ಒಳಗೊಂಡ ಕ್ಯಾಟಲೇಸ್ ಮತ್ತು ಸೆಲೆನಿಯಂ ಇರುವ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಎಂಬ ಇನ್ನೆರಡು ಕಿಣ್ವಗಳು ಅದನ್ನು ನೀರಾಗಿಸುತ್ತವೆ.

ಹೃದಯದ ದೃಷ್ಟಿಯಿಂದ ಇನ್ನೊಂದು ಹೆಸರನ್ನು ಸೇರಿಸಲೇಬೇಕು, ಪ್ಯಾರಾಕ್ಸೊನೇಸ್-1. ಇದು ರಕ್ತದಲ್ಲಿ ಎಚ್‌ಡಿಎಲ್ ಕಣಕ್ಕೆ ಅಂಟಿಕೊಂಡೇ ಓಡಾಡುತ್ತದೆ, ಎಲ್‌ಡಿಎಲ್ ಕಣಗಳು ಕೆಡದಂತೆ ಕಾಪಾಡಲು ನೆರವಾಗುತ್ತದೆ.

ಮಧುಮೇಹದಲ್ಲಿ ಈ ಕಿಣ್ವಗಳಿಗೆ ಏನಾಗುತ್ತದೆ?

ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದಂತೆ ರಕ್ತನಾಳದ ಒಳಪದರದ ಕೋಶಗಳ ಮೈಟೊಕಾಂಡ್ರಿಯಾಗಳಲ್ಲಿ ಸೂಪರ್‌ಆಕ್ಸೈಡ್ ಉತ್ಪತ್ತಿ ಏರುತ್ತದೆ. ಮಧುಮೇಹದ ಬಹುತೇಕ ತೊಡಕುಗಳ ಮೂಲದಲ್ಲಿ ಇದೇ ಇದೆ ಎಂದು ಅಮೆರಿಕದ ಸಂಶೋಧಕ ಮೈಕೆಲ್ ಬ್ರೌನ್‌ಲೀ 2000ದ ದಶಕದ ಆರಂಭದಲ್ಲಿ ವಾದ ಮಂಡಿಸಿದರು. ಅತ್ತ ಕೆಲಸ ಹೆಚ್ಚಾಗುವ ಹೊತ್ತಿಗೇ ಇತ್ತ ಕೆಲಸಗಾರರ ಬಲ ಕುಂದುತ್ತದೆ. ಹಿಮೊಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಂಡು ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಅಳತೆ) ಆಗುವಂತೆಯೇ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಕಿಣ್ವಕ್ಕೂ ಸಕ್ಕರೆ ಅಂಟಿ ಅದರ ಚಟುವಟಿಕೆ ಇಳಿಯುತ್ತದೆ. ಹೆಚ್ಚುವರಿ ಗ್ಲೂಕೋಸ್ ಸಾರ್ಬಿಟಾಲ್ ಆಗಿ ಬದಲಾಗುವಾಗ ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ಖರ್ಚಾಗುತ್ತದೆ. ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ತನ್ನ ಕೆಲಸಕ್ಕೆ ಬಳಸಿದ ಗ್ಲುಟಾಥಿಯೋನನ್ನು ಮತ್ತೆ ಸಿದ್ಧಗೊಳಿಸಲೂ ಅದೇ ಅಣು ಬೇಕಾದ್ದರಿಂದ ಅಲ್ಲಿಯೂ ಕೊರತೆ ಬೀಳುತ್ತದೆ. ಪ್ಯಾರಾಕ್ಸೊನೇಸ್ ಚಟುವಟಿಕೆಯೂ ಮಧುಮೇಹಿಗಳಲ್ಲಿ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಆದರೆ ಎಲ್ಲ ಕಿಣ್ವಗಳ ವಿಷಯದಲ್ಲಿ ಸಂಶೋಧನೆಗಳು ಒಂದೇ ಉತ್ತರ ಕೊಟ್ಟಿಲ್ಲ. ಕೆಲವು ಅಧ್ಯಯನಗಳಲ್ಲಿ ಅವುಗಳ ಮಟ್ಟ ಕುಸಿದಿರುವುದು ಕಂಡರೆ, ಇನ್ನು ಕೆಲವುಗಳಲ್ಲಿ ಏರಿರುವುದು ಕಂಡಿದೆ. ಹೆಚ್ಚಿದ ಒತ್ತಡವನ್ನು ನಿಭಾಯಿಸಲು ದೇಹ ಮೊದಮೊದಲು ಹೆಚ್ಚು ಕಿಣ್ವ ತಯಾರಿಸುವುದುಂಟು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ‘ಮಧುಮೇಹ ಬಂದರೆ ಕಿಣ್ವ ಖಾಲಿ’ ಎಂಬ ಸರಳ ಪ್ರಚಾರವನ್ನು ಹಾಗೆಯೇ ನಂಬಬಾರದು.

ಕಿಣ್ವಗಳು ಸೋತರೆ ಹೃದಯಕ್ಕೆ ಹೇಗೆ ಹಾನಿ?

ಡಬ್ಬಿಯಲ್ಲಿ ಬಹಳ ದಿನ ಉಳಿದ ಎಣ್ಣೆ ಗಾಳಿಯ ಸಂಪರ್ಕದಿಂದ ಕಮಟು ಹಿಡಿಯುತ್ತದೆ. ರಕ್ತನಾಳದ ಗೋಡೆಯೊಳಗೆ ಸಿಕ್ಕಿಕೊಂಡ ಎಲ್‌ಡಿಎಲ್ ಕಣದ ಕೊಬ್ಬಿಗೂ ಆಗುವುದು ಅಂಥದೇ ರಾಸಾಯನಿಕ ಕ್ರಿಯೆ, ಅಂದರೆ ಉತ್ಕರ್ಷಣ. ಚಿಕ್ಕ, ಸಾಂದ್ರ ಕಣಗಳು ಇದಕ್ಕೆ ಇನ್ನೂ ಬೇಗ ಒಳಗಾಗುತ್ತವೆ. ಹೀಗೆ ಕೆಟ್ಟ ಎಲ್‌ಡಿಎಲ್ ಅನ್ನು ರಕ್ಷಣಾ ಕೋಶಗಳು ಮಿತಿಯಿಲ್ಲದೆ ನುಂಗಿ ಉಬ್ಬಿ, ಗೋಡೆಯಲ್ಲಿಯೇ ಉಳಿದು, ಕೊಬ್ಬಿನ ಗಡ್ಡೆಯಾಗಿ ಬೆಳೆಯುತ್ತವೆ. ಆ ಗಡ್ಡೆಯ ಮೇಲ್ಪದರ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ಇದರ ಜೊತೆಗೆ, ರಕ್ತನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡನ್ನು ಸೂಪರ್‌ಆಕ್ಸೈಡ್ ನಾಶಪಡಿಸುವುದರಿಂದ ನಾಳಗಳು ಬಿಗಿಯಾಗಿಯೇ ಉಳಿಯುತ್ತವೆ. ಕೊಲೆಸ್ಟ್ರಾಲ್ ಬೇರೆ, ಕಿಣ್ವಗಳ ಕಥೆ ಬೇರೆ ಎಂದು ನೋಡಲಾಗದಿರುವುದು ಈ ಕಾರಣಕ್ಕೆ.

ಈ ಕಿಣ್ವಗಳ ಮಟ್ಟವನ್ನು ನಾನು ಪರೀಕ್ಷೆ ಮಾಡಿಸಬೇಕೇ?

ಬೇಡ. ಇವು ಸಂಶೋಧನೆಯಲ್ಲಿ ಬಳಸುವ ಪರೀಕ್ಷೆಗಳು. ಎಲ್ಲರೂ ಒಪ್ಪಿದ ಅಳತೆಯ ಮಿತಿ ಇವಕ್ಕಿಲ್ಲ, ಫಲಿತಾಂಶ ನೋಡಿ ಚಿಕಿತ್ಸೆ ಬದಲಿಸುವ ಮಾರ್ಗಸೂಚಿಯೂ ಇಲ್ಲ. ಆ ಹಣದಲ್ಲಿ ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್ ಅಂಕಿಗಳ ಪರೀಕ್ಷೆ), ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಗಳನ್ನು ಸರಿಯಾದ ಸಮಯಕ್ಕೆ ಮಾಡಿಸಿಕೊಳ್ಳುವುದು ಮೇಲು.

ಹಾಗಾದರೆ ವಿಟಮಿನ್ ಇ, ಸಿ, ಸೆಲೆನಿಯಂ ಮಾತ್ರೆಗಳನ್ನು ನುಂಗಿದರೆ ಹೃದಯಕ್ಕೆ ರಕ್ಷಣೆ ಸಿಗುವುದಿಲ್ಲವೇ?

ಸಿಗಬೇಕೆಂದು ತರ್ಕ ಹೇಳುತ್ತದೆ, ವಿಜ್ಞಾನಿಗಳೂ ಒಂದು ಕಾಲದಲ್ಲಿ ಹಾಗೆಯೇ ನಂಬಿದ್ದರು. ಆ ನಂಬಿಕೆಯನ್ನು ಸಾವಿರಾರು ಜನರ ಮೇಲೆ ಪ್ರಾಮಾಣಿಕವಾಗಿ ಪರೀಕ್ಷಿಸಿಯೂ ನೋಡಲಾಯಿತು. 2000ದಲ್ಲಿ ಪ್ರಕಟವಾದ ಹೋಪ್ ಪ್ರಯೋಗದಲ್ಲಿ, ಮಧುಮೇಹಿಗಳೂ ದೊಡ್ಡ ಸಂಖ್ಯೆಯಲ್ಲಿದ್ದ ಹೆಚ್ಚು ಅಪಾಯದ ಗುಂಪಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು, ಸಾವು ಯಾವುದೂ ಕಡಿಮೆಯಾಗಲಿಲ್ಲ. ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ 20,536 ಜನರಲ್ಲಿ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿತು: ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೊಟಿನ್ ಮಿಶ್ರಣದಿಂದ ಲಾಭವಿದೆಯೇ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಸಿಮ್ವಾಸ್ಟಾಟಿನ್ 40 ಮಿಲಿಗ್ರಾಂನಿಂದ ಲಾಭವಿದೆಯೇ? 2002ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು. ವಿಟಮಿನ್ನುಗಳು ರಕ್ತದಲ್ಲಿ ತಮ್ಮ ಮಟ್ಟವನ್ನು ಏರಿಸಿದವು, ಆದರೆ ಹೃದಯವನ್ನು ಕಾಪಾಡಲಿಲ್ಲ. ಸ್ಟಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಸುಮಾರು ಕಾಲು ಭಾಗ ಇಳಿದವು. ಒಂದೇ ಪ್ರಯೋಗದಲ್ಲಿ, ಅವೇ ಜನರಲ್ಲಿ ಇಷ್ಟು ನೇರವಾದ ಹೋಲಿಕೆ ಸಿಗುವುದು ವಿರಳ.

ಸೆಲೆನಿಯಂ ವಿಷಯ ಇನ್ನೂ ಯೋಚಿಸುವಂಥದ್ದು. ಗ್ಲುಟಾಥಿಯೋನ್ ಪೆರಾಕ್ಸಿಡೇಸ್‌ಗೆ ಅದು ಬೇಕೇ ಬೇಕು, ನಿಜ. ಆದರೆ ಅಮೆರಿಕದಲ್ಲಿ ಚರ್ಮದ ಕ್ಯಾನ್ಸರ್ ತಡೆಗಾಗಿ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಕೊಟ್ಟ ಪ್ರಯೋಗವೊಂದರ ಅಂಕಿಗಳನ್ನು 2007ರಲ್ಲಿ ವಿಶ್ಲೇಷಿಸಿದಾಗ, ಸೆಲೆನಿಯಂ ಪಡೆದವರಲ್ಲಿಯೇ ಟೈಪ್ 2 ಮಧುಮೇಹ ಹೆಚ್ಚಾಗಿ ಕಾಣಿಸಿತು. ಹೆಚ್ಚು ಪ್ರಮಾಣದ ಬೀಟಾ ಕ್ಯಾರೊಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಹೆಚ್ಚಿಸಿತು. ಕಿಣ್ವವನ್ನೇ ಕ್ಯಾಪ್ಸೂಲ್‌ನಲ್ಲಿ ಕೊಡುತ್ತೇವೆ ಎನ್ನುವ ಜಾಹೀರಾತುಗಳಿವೆ. ಕಿಣ್ವವೆಂದರೆ ಪ್ರೋಟೀನ್, ಬಾಯಿಂದ ನುಂಗಿದ ಪ್ರೋಟೀನ್ ಜಠರದಲ್ಲಿ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ತಿಂಗಳಿಗೆ ಸಾವಿರಾರು ರೂಪಾಯಿ ಇಂಥ ಡಬ್ಬಿಗಳಿಗೆ ಕೊಟ್ಟು, ಕಡಿಮೆ ಬೆಲೆಯ ಸ್ಟಾಟಿನ್ ಮಾತ್ರೆಯನ್ನು ‘ಸೈಡ್ ಎಫೆಕ್ಟ್’ ಎಂದು ಬಿಡುವ ಕುಟುಂಬಗಳಿರುವುದು ನಿಜಕ್ಕೂ ನೋವಿನ ಸಂಗತಿ.

ಕಿಣ್ವಗಳನ್ನು ಬಲಪಡಿಸುವ ದಾರಿಯೇ ಇಲ್ಲವೇ?

ಇದೆ, ಅದು ನಡಿಗೆ ಮತ್ತು ವ್ಯಾಯಾಮ. ಸ್ನಾಯುಗಳು ದುಡಿಯುವಾಗ ಫ್ರೀ ರ್‍ಯಾಡಿಕಲ್‌ಗಳು (ಸೂಪರ್‌ಆಕ್ಸೈಡ್‌ನಂಥ ಚುರುಕಾದ ಅಣುಗಳು) ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತವೆ, ಅವೇ ಸೂಚನೆಯಾಗಿ ಕೆಲಸ ಮಾಡಿ ದೇಹ ತನ್ನ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯ ಮೈಕೆಲ್ ರಿಸ್ಟೋ ಮತ್ತು ಸಂಗಡಿಗರು ನಡೆಸಿದ ಒಂದು ಚಿಕ್ಕ ಪ್ರಯೋಗದಲ್ಲಿ, ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಇನ್ಸುಲಿನ್ ಸಂವೇದನೆ ಸುಧಾರಿಸಿತು. ಆದರೆ ವ್ಯಾಯಾಮದ ಜೊತೆಗೆ ವಿಟಮಿನ್ ಸಿ ಮತ್ತು ಇ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಆ ಲಾಭವೇ ಕಾಣಲಿಲ್ಲ. ವಾರಕ್ಕೆ ಒಟ್ಟು 150 ನಿಮಿಷಗಳ ಬಿರುಸಿನ ನಡಿಗೆ, ಜೊತೆಗೆ ಎರಡು ಮೂರು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಸಾಕು. ನಡೆಯುವಾಗ ಎದೆ ಬಿಗಿತ ಬರುವವರು, ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಿರುವವರು, ಪಾದದಲ್ಲಿ ಹುಣ್ಣಿರುವವರು ಮೊದಲು ವೈದ್ಯರನ್ನು ಕೇಳಬೇಕು. ಉಳಿದಂತೆ ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಬೀಡಿ, ಸಿಗರೇಟ್, ಗುಟ್ಕಾಗಳನ್ನು ಪೂರ್ತಿ ಬಿಡುವುದು ಈ ಕಿಣ್ವಗಳ ಮೇಲಿನ ಹೊರೆಯನ್ನೇ ಇಳಿಸುತ್ತವೆ.

ಕೊಲೆಸ್ಟ್ರಾಲ್ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಸ್ಟಾಟಿನ್ ಬರೆದುಕೊಡುವುದೇಕೆ?

ಮಧುಮೇಹಿಗಳಲ್ಲಿ ಸ್ಟಾಟಿನ್ ಕೊಡುವುದು ಒಟ್ಟು ಅಪಾಯವನ್ನು ನೋಡಿ, ಬರೀ ಅಂಕಿಯನ್ನು ನೋಡಿ ಅಲ್ಲ. 2004ರ ಕಾರ್ಡ್ಸ್ ಪ್ರಯೋಗದಲ್ಲಿ ಹೃದ್ರೋಗವಿಲ್ಲದ, ಎಲ್‌ಡಿಎಲ್ ಕೂಡ ಬಹಳ ಹೆಚ್ಚಿಲ್ಲದ 2,838 ಟೈಪ್ 2 ಮಧುಮೇಹಿಗಳಿದ್ದರು. ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳಗಳ ಪ್ರಮುಖ ಘಟನೆಗಳು ಶೇ. 37ರಷ್ಟು ಕಡಿಮೆಯಾದವು, ಫಲಿತಾಂಶ ಅಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಹಾಗಾಗಿಯೇ 40ರಿಂದ 75 ವರ್ಷದ ಮಧುಮೇಹಿಗಳಲ್ಲಿ ಹೆಚ್ಚಿನವರಿಗೆ ಸ್ಟಾಟಿನ್ ಸಲಹೆ ಮಾಡಲಾಗುತ್ತದೆ. ಗರ್ಭಿಣಿಯಾಗಿರುವವರು, ಗರ್ಭ ಧರಿಸಲು ಬಯಸುವವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸ್ಟಾಟಿನ್‌ನಿಂದ ಸಕ್ಕರೆ ಏರುತ್ತದೆ, ಮೈಕೈ ನೋಯುತ್ತದೆ ಎನ್ನುತ್ತಾರಲ್ಲ?

ಸಕ್ಕರೆಯ ಮಾತಿನಲ್ಲಿ ಸ್ವಲ್ಪ ನಿಜವಿದೆ. 2010ರಲ್ಲಿ 13 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, 255 ಜನರಿಗೆ ನಾಲ್ಕು ವರ್ಷ ಸ್ಟಾಟಿನ್ ಕೊಟ್ಟರೆ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ ಬರುತ್ತದೆಂದು ತಿಳಿಯಿತು. ಈಗಾಗಲೇ ಮಧುಮೇಹ ಇರುವವರಲ್ಲಿ ಎಚ್‌ಬಿಎ1ಸಿ ತುಸು ಏರಬಹುದು; ಹೃದಯಕ್ಕೆ ಸಿಗುವ ರಕ್ಷಣೆಯ ಎದುರು ಅದು ಚಿಕ್ಕದು. ಮೈಕೈ ನೋವಿನ ವಿಷಯದಲ್ಲಿ, ಸ್ಟಾಟಿನ್ ತೆಗೆದುಕೊಳ್ಳುವವರು ಹೇಳುವ ನೋವುಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನವಕ್ಕೆ ಮಾತ್ರೆ ಕಾರಣವಲ್ಲ ಎಂದು 2022ರ ದೊಡ್ಡ ವಿಶ್ಲೇಷಣೆ ತೋರಿಸಿದೆ. ಹಾಗೆಂದು ನೋವನ್ನು ಕಡೆಗಣಿಸಬಾರದು. ತೀವ್ರ ನೋವಿನ ಜೊತೆಗೆ ನಿಶ್ಶಕ್ತಿ ಇದ್ದರೆ, ಮೂತ್ರ ಕಪ್ಪು ಬಣ್ಣಕ್ಕೆ ತಿರುಗಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಸಾಧಾರಣ ನೋವಿಗೆ ಪ್ರಮಾಣ ಇಳಿಸುವುದು, ಬೇರೆ ಸ್ಟಾಟಿನ್‌ಗೆ ಬದಲಾಯಿಸುವುದು, ಎಜೆಟಿಮೈಬ್ ಎಂಬ ಬೇರೆ ಬಗೆಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸುವುದು ಮುಂತಾದ ದಾರಿಗಳಿವೆ. ತಾವಾಗಿಯೇ ಮಾತ್ರೆ ಬಿಟ್ಟು ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಎಚ್‌ಡಿಎಲ್ ಏರಿಸುವ, ಟ್ರೈಗ್ಲಿಸರೈಡ್ ಇಳಿಸುವ ಮಾತ್ರೆ ಕೊಡಿ ಎಂದರೆ ವೈದ್ಯರು ಒಪ್ಪುವುದಿಲ್ಲ. ಏಕೆ?

ಎಚ್‌ಡಿಎಲ್ ಅಂಕಿಯನ್ನು ನಯಾಸಿನ್ ಎಂಬ ಔಷಧಿ ಏರಿಸಿತು, ಆದರೆ ಸ್ಟಾಟಿನ್ ಜೊತೆಗೆ ಅದನ್ನು ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. 2022ರ ಪ್ರಾಮಿನೆಂಟ್ ಪ್ರಯೋಗದಲ್ಲಿ ಪೆಮಾಫೈಬ್ರೇಟ್ ಎಂಬ ಔಷಧಿ ಮಧುಮೇಹಿಗಳ ಟ್ರೈಗ್ಲಿಸರೈಡ್ ಇಳಿಸಿದರೂ ಹೃದಯಕ್ಕೆ ಲಾಭವಾಗಲಿಲ್ಲ. ಟ್ರೈಗ್ಲಿಸರೈಡ್ 500 ದಾಟಿದರೆ ಮಾತ್ರ ಮೇದೋಜೀರಕ ಗ್ರಂಥಿಯ ಉರಿಯೂತ ತಪ್ಪಿಸಲು ಪ್ರತ್ಯೇಕ ಔಷಧಿ ಬೇಕಾಗುತ್ತದೆ. ಅದಕ್ಕೂ ಮೊದಲು ಸಕ್ಕರೆ ಹತೋಟಿ ತಪ್ಪಿದೆಯೇ, ಮದ್ಯಪಾನವಿದೆಯೇ, ಥೈರಾಯ್ಡ್ ಕುಂದಿದೆಯೇ ಎಂದು ನೋಡಬೇಕು.

ಊಟದಲ್ಲಿ ಏನು ಬದಲಿಸಬೇಕು? ತೆಂಗಿನೆಣ್ಣೆ, ತುಪ್ಪ, ಮೊಟ್ಟೆ?

ನಮ್ಮ ಊಟದ ದೊಡ್ಡ ತೊಂದರೆ ಕೊಬ್ಬಿಗಿಂತಲೂ ಅನ್ನ, ಮುದ್ದೆ, ರೊಟ್ಟಿಗಳ ಪ್ರಮಾಣ. ಹೆಚ್ಚಾದ ಪಿಷ್ಟವೇ ಯಕೃತ್ತಿನಲ್ಲಿ ಟ್ರೈಗ್ಲಿಸರೈಡ್ ಆಗುತ್ತದೆ. ರಾಗಿ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಾಗಿ, ಬಸ್ಸಾರಿನ ಸೊಪ್ಪು, ಕಾಳು, ಪಲ್ಯ ಹೆಚ್ಚಾಗಿರಲಿ. ತೆಂಗಿನೆಣ್ಣೆ ಇತರ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂನಷ್ಟು ಏರಿಸುತ್ತದೆಂದು 2020ರ ವಿಶ್ಲೇಷಣೆ ಹೇಳುತ್ತದೆ. ಕರಾವಳಿಯ ಅಡುಗೆಯಿಂದ ಅದನ್ನು ಪೂರ್ತಿ ಓಡಿಸಬೇಕಾಗಿಲ್ಲ, ಒಗ್ಗರಣೆಗೆ ಇರಲಿ, ದಿನನಿತ್ಯದ ಮುಖ್ಯ ಎಣ್ಣೆ ಶೇಂಗಾ, ಸಾಸಿವೆ ಅಥವಾ ಸೂರ್ಯಕಾಂತಿಯದ್ದಾಗಲಿ. ತುಪ್ಪ ಚಮಚದ ಲೆಕ್ಕದಲ್ಲಿರಲಿ. ಮೊಟ್ಟೆ ಮಿತವಾಗಿ ತಿನ್ನಬಹುದು. ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದ ತಿಂಡಿ ಬೇಡ. ನೆಲ್ಲಿಕಾಯಿ, ಕರಿಬೇವು, ನುಗ್ಗೆಸೊಪ್ಪು ಊಟದಲ್ಲಿದ್ದರೆ ಒಳ್ಳೆಯದೇ, ಆದರೆ ಅವು ಮಾತ್ರೆಗೆ ಬದಲಿಯಲ್ಲ.

ಸಕ್ಕರೆಯನ್ನು ಸರಿಯಾಗಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುವುದಿಲ್ಲವೇ?

ಸಾಕಾಗುವುದಿಲ್ಲ. ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನ 160 ಟೈಪ್ 2 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್, ಜೀವನಕ್ರಮ ಎಲ್ಲವನ್ನೂ ಒಟ್ಟಿಗೆ ತಿದ್ದಿದಾಗ, ಉಳಿದವರಿಗೆ ಹೋಲಿಸಿದರೆ ಅವರಲ್ಲಿ ಹೃದಯ ಮತ್ತು ರಕ್ತನಾಳಗಳ ಘಟನೆಗಳು ಅರ್ಧಕ್ಕಿಳಿದವು. ಸಕ್ಕರೆಗೆ ಕೊಡುವ ಔಷಧಿಗಳಲ್ಲಿಯೂ ಎಂಪಾಗ್ಲಿಫ್ಲೋಜಿನ್ ಮತ್ತು ಲಿರಾಗ್ಲುಟೈಡ್ ಹೃದ್ರೋಗವಿರುವವರನ್ನು ಕಾಪಾಡುವುದು 2015 ಮತ್ತು 2016ರ ಪ್ರಯೋಗಗಳಲ್ಲಿ ಸಾಬೀತಾಗಿದೆ. ನಿಮಗೆ ಹೃದ್ರೋಗವಿದ್ದರೆ ಇವು ಹೊಂದುತ್ತವೆಯೇ ಎಂದು ಕೇಳಿ.

ಲಿಪಿಡ್ ಪರೀಕ್ಷೆ ಯಾವಾಗ? ಖಾಲಿ ಹೊಟ್ಟೆಯೇ ಆಗಬೇಕೇ?

ಮಧುಮೇಹ ಪತ್ತೆಯಾದಾಗ, ಮಾತ್ರೆ ಶುರುವಾದ 4ರಿಂದ 12 ವಾರಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ. ಹೆಚ್ಚಿನವರಿಗೆ ಉಪವಾಸ ಕಡ್ಡಾಯವಲ್ಲ, ನಾನ್-ಎಚ್‌ಡಿಎಲ್ ಲೆಕ್ಕ ಊಟದ ನಂತರವೂ ನಂಬಿಕೆಗೆ ಅರ್ಹ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಲೆಕ್ಕಹಾಕಿ ಬರೆದ ಎಲ್‌ಡಿಎಲ್ ಅಂಕಿ ಸರಿಯಿರುವುದಿಲ್ಲ, ಆಗ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಬೇಕು.

ಮಧುಮೇಹಿಗೆ ಎದೆನೋವಿಲ್ಲದೆಯೂ ಹೃದಯಾಘಾತ ಆಗುತ್ತದೆಯೇ?

ಆಗುತ್ತದೆ. ಬಹಳ ವರ್ಷಗಳ ಮಧುಮೇಹದಿಂದ ನರಗಳು ಮಂದವಾಗಿ ನೋವು ಗೊತ್ತಾಗದಿರಬಹುದು. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆಯ ಬೆವರು, ವಾಂತಿ, ಎಂದಿಲ್ಲದ ಸುಸ್ತು, ದವಡೆ ಅಥವಾ ತೋಳಿನಲ್ಲಿ ಬಿಗಿತ ಕಾಣಿಸಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಕಾಯಬಾರದು. ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆಮಾಡಿ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಗ್ಲುಕೋಮೀಟರ್ ಕೈಗೆ ಸಿಕ್ಕರೆ ಸಕ್ಕರೆ ಇಳಿದಿದೆಯೇ ಎಂದು ಕರೆ ಮಾಡಿದ ಮೇಲೆ ನೋಡಿ, ಅದಕ್ಕಾಗಿ ಹೊರಡುವುದು ತಡವಾಗಬಾರದು. ಕರ್ನಾಟಕದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಅದು ಇದೆಯೇ ಎಂಬುದನ್ನು ಮನೆಯವರು ಈಗಲೇ ವಿಚಾರಿಸಿ ಇಟ್ಟುಕೊಳ್ಳಬೇಕು.